ಎಂಟು ತಂತಿಗಳ ಅಲ್ಪಾಯುಷಿ ನಾದ

ವೀಣೆಯ ತಂತಿಯನ್ನು ಒಮ್ಮೆ ಮೀಟಿ ಕಿವಿಗೊಡಿ. ನಾದ ತೇಲುತ್ತ ತೇಲುತ್ತ ನಿಧಾನವಾಗಿ ಕರಗುತ್ತದೆ. ಮ್ಯಾಂಡೊಲಿನ್ ಹಾಗಲ್ಲ. ಟಣ್ಣನೆ ಮಿಂಚಿ ಅಷ್ಟೇ ಬೇಗ ಆರಿಹೋಗುತ್ತದೆ. ಅದರ ಜೋಡಿ ತಂತಿ, ಉಬ್ಬಿದ ಹಲಗೆ, ಕೈ ನಡುಗಿಸಿ ನುಡಿಸುವ ಕ್ರಮ ಎಲ್ಲವೂ ಒಂದೇ ಪ್ರಶ್ನೆಯಿಂದ ಹುಟ್ಟಿವೆ: ಇಷ್ಟು ಬೇಗ ಆರುವ ಸ್ವರವನ್ನು ಹಾಡಿಸುವುದು ಹೇಗೆ?

ಮೊದಲು ಆಯುಷ್ಯ ಏಕೆ ಕಡಿಮೆ ಎಂದು ನೋಡೋಣ. ಮ್ಯಾಂಡೊಲಿನ್ನಿನಲ್ಲಿ ಕಂಪಿಸುವ ತಂತಿಯ ಉದ್ದ ಸುಮಾರು 35 ಸೆಂ.ಮೀ. ಅತಿ ತೆಳುವಾದ ತಂತಿಯ ದಪ್ಪ ಕಾಲು ಮಿಲಿಮೀಟರಿಗಿಂತ ತುಸು ಹೆಚ್ಚು. ಇಷ್ಟು ಗಿಡ್ಡ, ಸಪೂರ ತಂತಿಯಲ್ಲಿ ತುಂಬಿಡಬಹುದಾದ ಶಕ್ತಿಯೇ ಕಡಿಮೆ. ತಂತಿ ತಾನಾಗಿ ಗಾಳಿಯನ್ನು ಹೆಚ್ಚು ಅಲುಗಿಸಲಾರದು. ಕುದುರೆಯ ಮೂಲಕ ಮೇಲ್ಹಲಗೆಯನ್ನು ನಡುಗಿಸುತ್ತದೆ, ನಮಗೆ ಕೇಳುವುದು ಮುಖ್ಯವಾಗಿ ಆ ಹಲಗೆಯ ದನಿ. ಹಲಗೆ ಶಕ್ತಿಯನ್ನು ಬೇಗ ಹೀರಿಕೊಂಡಷ್ಟೂ ದನಿ ಜೋರು, ಆಯುಷ್ಯ ಕಡಿಮೆ. ಮ್ಯಾಂಡೊಲಿನ್ ತನ್ನ ಗಂಟನ್ನೆಲ್ಲ ಮೊದಲ ಕ್ಷಣದಲ್ಲೇ ಖರ್ಚು ಮಾಡಿಬಿಡುವ ವಾದ್ಯ.

ಇದಕ್ಕೆ ಮೊದಲ ಉತ್ತರ ಜೋಡಿ ತಂತಿ. ಎಂಟು ತಂತಿಗಳು ನಾಲ್ಕು ಜೋಡಿಗಳಾಗಿ 196, 294, 440, 659 ಹರ್ಟ್ಸ್‌ಗೆ ಶ್ರುತಿಗೊಳ್ಳುತ್ತವೆ. ಪಾಶ್ಚಾತ್ಯ ಪಿಟೀಲಿನ ಶ್ರುತಿಯೂ ಇದೇ. ಒಂದು ಜೋಡಿಯನ್ನು ಷಡ್ಜ ಎಂದುಕೊಂಡರೆ ಮುಂದಿನದು ಅದರ ಪಂಚಮ. ಜೋಡಿಯ ಎರಡು ತಂತಿಗಳು ಎಂದೂ ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲದೆ ಕೂಡುವುದಿಲ್ಲ. ಆ ಚೂರು ವ್ಯತ್ಯಾಸವೇ ದನಿಗೆ ತುಂಬು, ಮಿನುಗು ಕೊಡುತ್ತದೆ. ಎರಡನೆಯ ಉತ್ತರ ಟ್ರೆಮೊಲೊ: ತಂತಿ ಮೀಟುವ ಪಿಕ್ಕನ್ನು ಮೇಲೆ ಕೆಳಗೆ ಬಿಡುವಿಲ್ಲದೆ ಆಡಿಸಿ, ಒಂದು ಸ್ವರ ಆರುವ ಮುನ್ನವೇ ಅದನ್ನು ಮತ್ತೆ ಹೊತ್ತಿಸುವುದು. ಇಟಲಿಯ ನೇಪಲ್ಸ್ ನಗರದಲ್ಲಿ 18ನೇ ಶತಮಾನದಲ್ಲಿ ವಿನಾಚ್ಚಿಯಾ ಮನೆತನದವರು ಬುರುಡೆಯಂಥ ಬೆನ್ನಿನ ಮ್ಯಾಂಡೊಲಿನ್ ಕಟ್ಟುತ್ತಿದ್ದರು. ಮುಂದೆ ಅದೇ ಮನೆತನದ ಪಾಸ್ಕ್ವಾಲೆ ಅದನ್ನು ಉಕ್ಕಿನ ತಂತಿಯ ಬಿಗಿತ ತಾಳುವಂತೆ ಗಟ್ಟಿಗೊಳಿಸಿದ. ಇಂದಿನ ಎಂಟು ತಂತಿಗಳ ಒಟ್ಟು ಎಳೆತ ಸುಮಾರು 70ರಿಂದ 80 ಕಿಲೋ, ಅಂದರೆ ಒಬ್ಬ ದೊಡ್ಡ ಮನುಷ್ಯ ಜೋತುಬಿದ್ದಷ್ಟು.

ಮೂರನೆಯ ಉತ್ತರ ಅಮೆರಿಕದ್ದು. ಓರ್ವಿಲ್ ಗಿಬ್ಸನ್ ಪಿಟೀಲಿನಂತೆ ಹಲಗೆಯನ್ನು ಉಬ್ಬಾಗಿ ಕೆತ್ತುವ ವಿಧಾನಕ್ಕೆ 1898ರಲ್ಲಿ ಪೇಟೆಂಟ್ ಪಡೆದರು. ಉಬ್ಬಿದ ಹಲಗೆ ಕಮಾನಿನಂತೆ. ಭಾರ ತಡೆಯುತ್ತದೆ, ಜೊತೆಗೆ ಲವಲವಿಕೆಯಿಂದ ನಡುಗುತ್ತದೆ. 1922ರಲ್ಲಿ ಗಿಬ್ಸನ್ ಕಂಪನಿಯಲ್ಲಿ ಲಾಯ್ಡ್ ಲೋರ್ ಅವರ ಮೇಲ್ವಿಚಾರಣೆಯಲ್ಲಿ ಬಂದ ಎಫ್-5 ಇಂದಿಗೂ ಕಟ್ಟುವವರಿಗೆ ಮಾದರಿ. 1923ರ ಅಂಥದೊಂದು ವಾದ್ಯ ಹಿಡಿದು ಬಿಲ್ ಮನ್ರೋ ಬ್ಲೂಗ್ರಾಸ್ ಸಂಗೀತಕ್ಕೆ ರೂಪ ಕೊಟ್ಟರು. ಅಲ್ಲಿ ಅಲ್ಪಾಯುಷ್ಯವೇ ಗುಣವಾಯಿತು. ತಂತಿಗಳನ್ನು ಬಡಿದು ಒಡನೆಯೇ ಎಡಗೈ ಬೆರಳು ಸಡಿಲಿಸಿದರೆ ‘ಟಕ್’ ಎಂಬ ಗಿಡ್ಡ ಸದ್ದು. ಡ್ರಮ್ ಇಲ್ಲದ ಆ ಮೇಳದಲ್ಲಿ ತಾಳ ಹಿಡಿಯುವುದು ಅದೇ.

ನಮ್ಮ ಸಂಗೀತ ಕೇಳಿದ್ದು ಇದಕ್ಕೆ ತದ್ವಿರುದ್ಧವಾದುದನ್ನು. ಗಮಕಕ್ಕೆ ಸ್ವರ ಬಾಳಬೇಕು, ಬಾಗಬೇಕು. ತಂತಿಯ ಸ್ವರ ಅದರ ಬಿಗಿತದ ವರ್ಗಮೂಲಕ್ಕೆ ತಕ್ಕಂತೆ ಏರುವುದರಿಂದ, ಎಳೆದು ಒಂದು ಸ್ವರಸ್ಥಾನ ಮೇಲೇರಿಸಲು ಬಿಗಿತವನ್ನು ಸುಮಾರು ಶೇ. 12ರಷ್ಟು ಹೆಚ್ಚಿಸಬೇಕು. ಎರಡು ತಂತಿಗಳನ್ನು ಒಂದೇ ಬೆರಳಲ್ಲಿ ಸಮನಾಗಿ ಹಾಗೆ ಎಳೆಯುವುದು ಬಲು ಕಷ್ಟ. ಆಂಧ್ರದ ಪಾಲಕೊಲ್ಲುವಿನಲ್ಲಿ 1969ರಲ್ಲಿ ಹುಟ್ಟಿದ ಯು. ಶ್ರೀನಿವಾಸ್ ಎಲೆಕ್ಟ್ರಿಕ್ ಮ್ಯಾಂಡೊಲಿನ್ ಹಿಡಿದು, ಜೋಡಿಗಳನ್ನು ಬಿಟ್ಟು ಐದು ಒಂಟಿ ತಂತಿಗಳನ್ನು ಕಟ್ಟಿಕೊಂಡರು. ಗಟ್ಟಿ ಮರದ ಒಡಲು ತಂತಿಯ ಶಕ್ತಿಯನ್ನು ಬೇಗ ಹೀರುವುದಿಲ್ಲ. ಕಂಪನವನ್ನು ಪಿಕಪ್ ಹಿಡಿಯುತ್ತದೆ, ಜೋರು ಮಾಡುವ ಕೆಲಸ ಆಂಪ್ಲಿಫೈಯರಿನದು. ಸ್ವರಕ್ಕೆ ಆಯುಷ್ಯ ಬಂತು, ಗಮಕಕ್ಕೆ ಜಾಗ ಸಿಕ್ಕಿತು. 2014ರಲ್ಲಿ, 45ನೇ ವಯಸ್ಸಿಗೇ, ಅವರು ತೀರಿಕೊಂಡಾಗ ‘ಮ್ಯಾಂಡೊಲಿನ್’ ಎಂಬುದು ಅವರ ಹೆಸರಿನ ಭಾಗವೇ ಆಗಿಹೋಗಿತ್ತು.

ಕೊಳ್ಳುವವರು ಮೊದಲು ನಿರ್ಧರಿಸಬೇಕಾದ್ದೂ ಇದನ್ನೇ: ಜೋಡಿ ತಂತಿಯೋ, ಒಂಟಿ ತಂತಿಯೋ. ಕರ್ನಾಟಕ ಸಂಗೀತ ನುಡಿಸುವ ಆಸೆಯಿದ್ದರೆ ಒಂಟಿ ತಂತಿಯ ಎಲೆಕ್ಟ್ರಿಕ್. ಜಾನಪದ, ಪಾಶ್ಚಾತ್ಯ ಸಂಗೀತಕ್ಕಾದರೆ ಎಂಟು ತಂತಿಯದು. ಎಂಟು ತಂತಿಯದರಲ್ಲಿ ಸುರುಳಿ ಕೆತ್ತನೆಯ ‘ಎಫ್’ ಆಕಾರ ನೋಡಲು ಚೆಂದ. ಆದರೆ ಆ ಸುರುಳಿಗೆ ಕೊಡುವ ಹಣ ಕೆತ್ತನೆಯ ಕೂಲಿಗೆ ಹೋಗುತ್ತದೆ. ಹೊಸಬರು ಸರಳ ‘ಎ’ ಆಕಾರದ್ದನ್ನು ತೆಗೆದುಕೊಂಡು, ಉಳಿದ ಹಣದಲ್ಲಿ ಇಡಿ ಮರದ ಮೇಲ್ಹಲಗೆ ಇರುವುದನ್ನು ಆರಿಸಿಕೊಳ್ಳಲಿ. ಪ್ಲೈವುಡ್ ಹಲಗೆಯ ದನಿ ಮಂಕು.

ಅಂಗಡಿಯಲ್ಲೇ ಒಂದು ಪರೀಕ್ಷೆ ಮಾಡಿ. ಹನ್ನೆರಡನೆಯ ಮೆಟ್ಟಿಲು ತಂತಿಯ ನಟ್ಟನಡುವೆ ಇರುತ್ತದೆ. ಅದರ ನೇರಕ್ಕೆ ತಂತಿಯನ್ನು ಒತ್ತದೆ, ಬರೀ ಸೋಕಿಸಿ ಮೀಟಿದರೆ ಮೇಲಿನ ಷಡ್ಜ ಕೇಳುತ್ತದೆ. ಈಗ ಒತ್ತಿ ಮೀಟಿ. ಎರಡೂ ಒಂದೇ ಇರಬೇಕು. ಒತ್ತಿದ್ದು ಏರಿದ್ದರೆ ಕುದುರೆಯನ್ನು ತುಸು ಹಿಂದಕ್ಕೆ ಸರಿಸಬೇಕು. ಈ ಕುದುರೆಗೆ ಅಂಟಿಲ್ಲ, ತಂತಿಗಳ ಒತ್ತಡದಿಂದಲೇ ನಿಂತಿರುತ್ತದೆ. ಹಾಗಾಗಿ ತಂತಿ ಬದಲಿಸುವಾಗ ಎಲ್ಲವನ್ನೂ ಒಮ್ಮೆಗೇ ಬಿಚ್ಚಬೇಡಿ, ಒಂದೊಂದಾಗಿ ಬದಲಿಸಿ. ಅದೇ ಮೆಟ್ಟಿಲ ಮೇಲೆ ತಂತಿಯ ಎತ್ತರ 2 ಮಿ.ಮೀ. ಒಳಗಿದ್ದರೆ ಬೆರಳಿಗೆ ಹಿತ.

ತಂತಿ ಕೊಳ್ಳುವಾಗ ನಿಮ್ಮ ವಾದ್ಯಕ್ಕೆ ಕುಣಿಕೆ ತುದಿಯದು ಬೇಕೋ ಗುಂಡು ತುದಿಯದೋ ನೋಡಿಕೊಳ್ಳಿ. ಕಂಚು ಸುತ್ತಿದ್ದು ಸಾದಾ ಮ್ಯಾಂಡೊಲಿನ್ನಿಗೆ. ಅಯಸ್ಕಾಂತದ ಪಿಕಪ್ಪಿಗೆ ನಿಕಲ್ ಅಥವಾ ಉಕ್ಕು ಸುತ್ತಿದ್ದು ಬೇಕು. ಪಿಕ್ 1 ಮಿ.ಮೀ.ಗಿಂತ ದಪ್ಪವಿರಲಿ, ತೆಳುವಾದದ್ದು ಬಿಗಿ ಜೋಡಿಯ ಮುಂದೆ ತಾನೇ ಬಾಗುತ್ತದೆ. ಬಿಸಿಲಲ್ಲಿ ನಿಂತ ಕಾರಿನಲ್ಲಿ ವಾದ್ಯ ಬಿಡಬೇಡಿ, ಅಂಟು ಸಡಿಲಗೊಂಡೀತು.

ವಾದ್ಯದ ತಲೆಗೆ ಸಿಕ್ಕಿಸುವ ಟ್ಯೂನರ್ ಅಗ್ಗ, ಕೊಂಡುಕೊಳ್ಳಿ. ಆದರೆ ಜೋಡಿಯ ಒಂದು ತಂತಿಯನ್ನಷ್ಟೇ ಅದರಿಂದ ಕೂಡಿಸಿ, ಇನ್ನೊಂದನ್ನು ಕಿವಿಗೆ ಬಿಡಿ. ಒಂದು 440, ಇನ್ನೊಂದು 441 ಇದ್ದರೆ ಸೆಕೆಂಡಿಗೊಮ್ಮೆ ದನಿ ಉಬ್ಬಿ ಇಳಿಯುತ್ತದೆ. ಬಿರಡೆಯನ್ನು ಮೆಲ್ಲಗೆ ತಿರುಗಿಸಿದಂತೆ ಆ ಅಲೆ ನಿಧಾನವಾಗುತ್ತ ಬರುತ್ತದೆ. ನಾದದ ಆಯುಷ್ಯ ಚಿಕ್ಕದಾದ್ದರಿಂದ ಮತ್ತೆ ಮತ್ತೆ ಮೀಟಬೇಕು, ಮತ್ತೆ ಮತ್ತೆ ಕೇಳಬೇಕು. ದಿನವೂ ಐದು ನಿಮಿಷ ಹೀಗೆ ಕೂತವರ ಕಿವಿ, ಬೆರಳಿಗಿಂತ ಮೊದಲೇ ಮ್ಯಾಂಡೊಲಿನ್ ಕಲಿತಿರುತ್ತದೆ.