ಏಳಲೊಲ್ಲದ ಗಣಕಯಂತ್ರ

ಒಂದೇ ಗಣಕಯಂತ್ರದಲ್ಲಿ ಎರಡು ಆಪರೇಟಿಂಗ್ ಸಿಸ್ಟಂಗಳನ್ನು ಇರಿಸಿಕೊಳ್ಳುವ ರೂಢಿ ವಿದ್ಯಾರ್ಥಿಗಳಿಗೆ ಹೊಸತಲ್ಲ. ಮೊದಲಿನಿಂದ ಇದ್ದ ವಿಂಡೋಸಿನ ಪಕ್ಕದಲ್ಲಿ, ಪಾಠದ ಅಗತ್ಯಕ್ಕೋ ಬರಿಯ ಕುತೂಹಲಕ್ಕೋ ಲಿನಕ್ಸನ್ನು ಸ್ಥಾಪಿಸುವುದುಂಟು. ಕೆಲಸವೆಲ್ಲ ಸುಗಮವಾಗಿ ಮುಗಿದಂತೆ ತೋರುತ್ತದೆ. ಆದರೆ ಯಂತ್ರವನ್ನು ಮತ್ತೆ ಚಾಲೂ ಮಾಡಿದಾಗ ಕಪ್ಪು ಪರದೆಯ ಮೇಲೆ ಒಂದೆರಡು ಸಾಲು ಬಿಳಿಯ ಅಕ್ಷರಗಳು ಮೂಡಿ ಎಲ್ಲವೂ ನಿಂತುಬಿಡುತ್ತದೆ. ಆಗ ಬಲ್ಲವರೆನಿಸಿಕೊಂಡ ಯಾರಾದರೂ, "ಎಲ್ಲ ಹೋಯಿತು, ಡಿಸ್ಕನ್ನು ಫಾರ್ಮ್ಯಾಟ್ ಮಾಡಿಬಿಡಿ" ಎನ್ನುತ್ತಾರೆ. ಆ ಮಾತಿನಂತೆ ನಡೆದರೆ ವರ್ಷಗಳ ಟಿಪ್ಪಣಿಗಳೂ ಪ್ರಾಜೆಕ್ಟಿನ ವರದಿಯೂ ಮನೆಯವರ ಭಾವಚಿತ್ರಗಳೂ ನಿಜವಾಗಿಯೇ ಹೋಗುತ್ತವೆ. ಹಾಗೆ ಮಾಡುವ ಮೊದಲು, ಯಂತ್ರವು ಏಳುವುದೆಂದರೇನು ಎಂಬುದನ್ನು ನಾವು ತಿಳಿಯಬೇಕು.

ತನ್ನನ್ನು ತಾನೇ ಎತ್ತಿಕೊಳ್ಳುವುದು

ಯಂತ್ರವನ್ನು ಎಬ್ಬಿಸುವ ಕ್ರಿಯೆಗೆ 'ಬೂಟ್' ಎಂಬ ಹೆಸರು ಬಂದುದು ಇಂಗ್ಲಿಷಿನ ಒಂದು ನಾಣ್ಣುಡಿಯಿಂದ. ಬೂಟಿನ ಹಿಂಬದಿಯ ಪಟ್ಟಿಯನ್ನು ಹಿಡಿದು ತನ್ನನ್ನು ತಾನೇ ಮೇಲಕ್ಕೆತ್ತಿಕೊಳ್ಳುವುದು ಎಂಬುದು ಅದರ ಅರ್ಥ. ನ್ಯೂಟನ್ನನ ನಿಯಮಗಳನ್ನು ಓದಿದವರಿಗೆ ಇದು ಅಸಾಧ್ಯವೆಂದು ಗೊತ್ತು. ಹೊರಗಿನ ಬಲವಿಲ್ಲದೆ ವಸ್ತುವು ಏಳಲಾರದು. ಗಣಕದ ಸಂಗತಿಯೂ ಅಂತಹುದೇ. ಡಿಸ್ಕಿನಲ್ಲಿರುವ ಆಪರೇಟಿಂಗ್ ಸಿಸ್ಟಮನ್ನು ಓದಿ ತರಲು ಒಂದು ಕ್ರಮವಿಧಿ ಬೇಕು. ವಿದ್ಯುತ್ತು ಹರಿದ ಕ್ಷಣದಲ್ಲಿ ಮುಖ್ಯ ಸ್ಮೃತಿಯೋ ಬರಿದಾಗಿರುತ್ತದೆ. ಆದುದರಿಂದ ಯಂತ್ರದ ಮುಖ್ಯ ಫಲಕದ ಮೇಲೆ, ವಿದ್ಯುತ್ತು ಇಲ್ಲದಿದ್ದರೂ ಅಳಿಯದ ಒಂದು ಚಿಪ್ಪಿನಲ್ಲಿ, ಮೊದಲ ಕ್ರಮವಿಧಿಯನ್ನು ಇರಿಸಿರುತ್ತಾರೆ. ಅದು ಎರಡನೆಯದನ್ನು ಹುಡುಕಿ ಎಬ್ಬಿಸುತ್ತದೆ, ಎರಡನೆಯದು ಮೂರನೆಯದನ್ನು. ಹೀಗೆ ಕೈಯಿಂದ ಕೈಗೆ ದಾಟಿದ ದೀವಟಿಗೆ ಕೊನೆಗೆ ಆಪರೇಟಿಂಗ್ ಸಿಸ್ಟಮನ್ನು ಸೇರುತ್ತದೆ. ಎಲ್ಲಾದರೂ ಒಂದು ಕೈ ತಪ್ಪಿದರೆ ಯಂತ್ರವು ಏಳದು. ಆದರೆ ದೀವಟಿಗೆ ಬಿದ್ದಿತೆಂದು ಮನೆ ಸುಟ್ಟಿತೆಂದು ಅರ್ಥವಲ್ಲ.

ಹಳೆಯ ಕ್ರಮ

1981ರಲ್ಲಿ ಬಂದ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ಈ ಮೊದಲ ಕ್ರಮವಿಧಿಗೆ 'ಬಯೋಸ್' ಎಂದು ಹೆಸರಿತ್ತು. ಈ ಪರಂಪರೆಯ ಯಂತ್ರಗಳಲ್ಲಿ ಬಯೋಸ್ ಹಾರ್ಡ್ ಡಿಸ್ಕಿನ ಮೊಟ್ಟಮೊದಲ ವಿಭಾಗವಾದ 512 ಬೈಟುಗಳನ್ನು ಮಾತ್ರ ಓದಿ, ಅಲ್ಲಿರುವ ಆಜ್ಞೆಗಳಿಗೆ ಅಧಿಕಾರವನ್ನು ಒಪ್ಪಿಸುತ್ತದೆ. ಈ 512ರಲ್ಲಿ 446 ಬೈಟುಗಳು ಆಜ್ಞೆಗಳಿಗೆ ಮೀಸಲು. ಮುಂದಿನ 64 ಬೈಟುಗಳು ಡಿಸ್ಕನ್ನು ಹೇಗೆ ಪಾಲು ಮಾಡಿದೆ ಎಂಬ ಪಟ್ಟಿ. ಒಂದು ಪಾಲಿಗೆ 16 ಬೈಟುಗಳಂತೆ ನಾಲ್ಕು ಪಾಲುಗಳಿಗೆ ಸ್ಥಳವುಂಟು. ಕೊನೆಯ 2 ಬೈಟುಗಳು ಗುರುತಿನ ಮುದ್ರೆ.

ತೊಡಕು ಇಲ್ಲಿಯೇ ಇದೆ. ಆಜ್ಞೆಗಳ ಸ್ಥಳ ಒಂದು, ಅದಕ್ಕೆ ಹಕ್ಕುದಾರರು ಇಬ್ಬರು. ಲಿನಕ್ಸ್ ಇದ್ದ ಯಂತ್ರದಲ್ಲಿ ಆಮೇಲೆ ವಿಂಡೋಸನ್ನು ಸ್ಥಾಪಿಸಿದರೆ ಅದು ಅಲ್ಲಿ ತನ್ನ ಆಜ್ಞೆಗಳನ್ನು ಬರೆಯುತ್ತದೆ. ಲಿನಕ್ಸಿಗೆ ದಾರಿ ತೋರುತ್ತಿದ್ದ 'ಗ್ರಬ್' ಎಂಬ ಕ್ರಮವಿಧಿಯ ಮೊದಲ ತುಣುಕು ಅಳಿದುಹೋಗುತ್ತದೆ. ಹತ್ತಾರು ಗಿಗಾಬೈಟುಗಳ ಲಿನಕ್ಸ್ ತನ್ನ ಪಾಲಿನಲ್ಲಿ ಹಾಗೆಯೇ ಇದೆ. ಅಳಿದುದು 446 ಬೈಟುಗಳೊಳಗಿನ ಮಾತು.

ಹೊಸ ಕ್ರಮ

ಈಚಿನ ಯಂತ್ರಗಳಲ್ಲಿ ಬಯೋಸಿನ ಸ್ಥಾನಕ್ಕೆ 'ಯುಇಎಫ್ಐ' ಬಂದಿದೆ. ಇದು ಡಿಸ್ಕಿನಲ್ಲಿ ಇಎಫ್ಐ ಪಾಲು ಎಂಬ ಒಂದು ಚಿಕ್ಕ ಪಾಲನ್ನು ಓದಬಲ್ಲುದು. ಅಲ್ಲಿ ವಿಂಡೋಸಿನ ಎಬ್ಬಿಸುವ ಕಡತವೂ ಗ್ರಬ್ಬಿನ ಕಡತವೂ ಬೇರೆಬೇರೆ ಕೋಶಗಳಲ್ಲಿ ನೆಮ್ಮದಿಯಾಗಿರುತ್ತವೆ. ಯಾವುದನ್ನು ಮೊದಲು ಕರೆಯಬೇಕೆಂಬ ಸರದಿಪಟ್ಟಿಯನ್ನು ಮಾತ್ರ ಮುಖ್ಯ ಫಲಕದ ಸ್ಮೃತಿಯಲ್ಲಿ ಬರೆದಿಡಲಾಗುತ್ತದೆ. ಆದುದರಿಂದ ಹೊಸ ಯಂತ್ರದಲ್ಲಿ ಒಬ್ಬರು ಇನ್ನೊಬ್ಬರನ್ನು ಅಳಿಸುವುದು ವಿರಳ. ಸರದಿಯಲ್ಲಿ ಹಿಂದಕ್ಕೆ ತಳ್ಳುವುದೇ ಹೆಚ್ಚು.

ಲಕ್ಷಣದಿಂದ ಕಾರಣಕ್ಕೆ

ವೈದ್ಯನು ನಾಡಿ ನೋಡುವಂತೆ ನಾವು ಪರದೆಯನ್ನು ನೋಡಬೇಕು. ಯಂತ್ರವು ನೇರವಾಗಿ ವಿಂಡೋಸಿಗೆ ಹೋದರೆ ಕೆಟ್ಟಿರುವುದು ಬಹುಶಃ ಸರದಿ ಮಾತ್ರ. ಯಂತ್ರದ ಸೆಟಪ್ ಪರದೆಗೆ ಹೋಗಿ ಲಿನಕ್ಸಿನ ಹೆಸರನ್ನು ಮೇಲಕ್ಕೆ ತಂದರೆ ಸಾಕು. 'ಗ್ರಬ್ ರೆಸ್ಕ್ಯೂ' ಎಂಬ ಅಕ್ಷರಗಳು ಕಂಡರೆ ಗ್ರಬ್ಬಿನ ಮೊದಲ ತುಣುಕು ಎದ್ದಿದೆ, ಆದರೆ ತನ್ನ ಉಳಿದ ಭಾಗಗಳು ಅದಕ್ಕೆ ಸಿಕ್ಕಿಲ್ಲ. ಲಿನಕ್ಸಿನ ಪಾಲನ್ನು ಅಳಿಸಿದವರಿಗೆ ಈ ಅನುಭವವಾಗುವುದು ಸಾಮಾನ್ಯ. ಗ್ರಬ್ಬಿನ ಪಟ್ಟಿ ಬಂದರೂ ಅದರಲ್ಲಿ ವಿಂಡೋಸಿನ ಹೆಸರಿಲ್ಲದಿದ್ದರೆ ಗಾಬರಿ ಬೇಡ. 2021ರ ಗ್ರಬ್ 2.06ರಿಂದೀಚೆಗೆ ಇತರ ಸಿಸ್ಟಂಗಳನ್ನು ಹುಡುಕುವ 'ಓಎಸ್-ಪ್ರೋಬರ್' ತಾನಾಗಿ ಕೆಲಸ ಮಾಡುವುದಿಲ್ಲ. ಗ್ರಬ್ಬಿನ ಸಂಯೋಜನೆಯಲ್ಲಿ ಅದಕ್ಕೆ ಅನುಮತಿ ಕೊಡಬೇಕು.

ಇನ್ನೊಂದು ಕಾರಣವನ್ನು ಅನೇಕರು ಗಮನಿಸುವುದಿಲ್ಲ. ವಿಂಡೋಸನ್ನು ಯುಇಎಫ್ಐ ಕ್ರಮದಲ್ಲಿಯೂ ಲಿನಕ್ಸನ್ನು ಹಳೆಯ ಬಯೋಸ್ ಕ್ರಮದಲ್ಲಿಯೂ ಸ್ಥಾಪಿಸಿದರೆ ಒಂದರ ಕ್ರಮವಿಧಿ ಇನ್ನೊಂದನ್ನು ಎಬ್ಬಿಸಲಾರದು. ಎರಡನ್ನೂ ಒಂದೇ ಕ್ರಮದಲ್ಲಿ ಸ್ಥಾಪಿಸತಕ್ಕದ್ದು.

ಚಿಕಿತ್ಸೆ

ಸೆಟಪ್ಪಿನಲ್ಲಿ ಸರಿಹೋಗದಿದ್ದಾಗ ಹೊರಗಿನ ಬಲ ಬೇಕಾಗುತ್ತದೆ. ಲಿನಕ್ಸನ್ನು ಸ್ಥಾಪಿಸಲು ಬಳಸಿದ ಪೆನ್ ಡ್ರೈವಿನಿಂದಲೇ ಯಂತ್ರವನ್ನು ಎಬ್ಬಿಸಿ, 'ಸ್ಥಾಪಿಸದೆ ಬಳಸು' ಎಂಬ ಆಯ್ಕೆಯನ್ನು ಹಿಡಿಯಬೇಕು. ಮೊದಲ ಕೆಲಸ ದುರಸ್ತಿಯಲ್ಲ. ಡಿಸ್ಕನ್ನು ತೆರೆದು ಮುಖ್ಯ ಕಡತಗಳನ್ನು ಬೇರೊಂದು ಡ್ರೈವಿಗೆ ನಕಲು ಮಾಡುವುದು. ಕಡತಗಳು ಕಣ್ಣಿಗೆ ಬಿದ್ದ ಕೂಡಲೇ ಮನಸ್ಸಿನ ಭಾರ ಅರ್ಧ ಇಳಿಯುತ್ತದೆ.

ಅನಂತರ ಲಿನಕ್ಸಿನ ಪಾಲನ್ನೂ, ಯುಇಎಫ್ಐ ಯಂತ್ರವಾದರೆ ಇಎಫ್ಐ ಪಾಲನ್ನೂ ಜೋಡಿಸಿ, 'ಸಿಎಚ್-ರೂಟ್' ಎಂಬ ಆಜ್ಞೆಯಿಂದ ಸ್ಥಾಪಿತ ಲಿನಕ್ಸಿನೊಳಕ್ಕೆ ಪ್ರವೇಶಿಸಬೇಕು. ಅಲ್ಲಿ 'ಗ್ರಬ್-ಇನ್‌ಸ್ಟಾಲ್' ದಾರಿತೋರುವ ತುಣುಕನ್ನು ಮತ್ತೆ ಬರೆಯುತ್ತದೆ. ಉಬುಂಟುವಿನಂತಹ ಲಿನಕ್ಸಿನಲ್ಲಿ 'ಅಪ್‌ಡೇಟ್-ಗ್ರಬ್' ಆಯ್ಕೆಯ ಪಟ್ಟಿಯನ್ನು ಸಿದ್ಧಪಡಿಸುತ್ತದೆ. ಪೆನ್ ಡ್ರೈವನ್ನೂ ಸ್ಥಾಪಿತ ಸಿಸ್ಟಂ ಇರುವ ಕ್ರಮದಲ್ಲಿಯೇ ಎಬ್ಬಿಸಿರಬೇಕೆಂಬುದನ್ನು ಮರೆಯಬಾರದು.

ಲಿನಕ್ಸ್ ಬೇಡ, ವಿಂಡೋಸ್ ಎದ್ದರೆ ಸಾಕು ಎನ್ನುವವರು ವಿಂಡೋಸಿನ ಸ್ಥಾಪನಾ ಡ್ರೈವಿನಲ್ಲಿ ದುರಸ್ತಿಯ ವಿಭಾಗಕ್ಕೆ ಹೋಗಬೇಕು. ಹಳೆಯ ಕ್ರಮಕ್ಕೆ 'ಬೂಟ್‌ರೆಕ್ ಫಿಕ್ಸ್ ಎಂಬಿಆರ್', ಹೊಸ ಕ್ರಮಕ್ಕೆ 'ಬಿಸಿಡಿಬೂಟ್' ಎಂಬ ಆಜ್ಞೆಗಳಿವೆ. ಮೊದಲನೆಯದು ಆಜ್ಞೆಗಳ ಭಾಗವನ್ನು ಹೊಸದಾಗಿ ಬರೆದರೂ ಪಾಲುಗಳ ಪಟ್ಟಿಯನ್ನು ಮುಟ್ಟುವುದಿಲ್ಲ.

ಮುನ್ನೆಚ್ಚರಿಕೆ

ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅನೇಕ ಹೊಸ ಯಂತ್ರಗಳಲ್ಲಿ ವಿಂಡೋಸಿನ ಡಿಸ್ಕನ್ನು 'ಬಿಟ್‌ಲಾಕರ್' ಗೂಢಲಿಪಿಯಲ್ಲಿ ಬಂಧಿಸಿರುತ್ತದೆ. ಯಂತ್ರವು ಏಳುವ ಕ್ರಮ ಬದಲಾದುದನ್ನು ಕಂಡರೆ ಅದು 48 ಅಂಕಿಗಳ ಕೀಲಿಸಂಖ್ಯೆಯನ್ನು ಕೇಳಬಹುದು. ಆ ಸಂಖ್ಯೆ ಇಲ್ಲದಿದ್ದರೆ ಕಡತಗಳು ಕೈಗೆ ಬಾರವು. ಎರಡನೆಯ ಸಿಸ್ಟಮನ್ನು ಸ್ಥಾಪಿಸುವ ಮೊದಲೇ ಈ ಸಂಖ್ಯೆಯನ್ನು ಕಾಗದದ ಮೇಲೆ ಬರೆದಿಟ್ಟುಕೊಳ್ಳುವುದೂ, ಮುಖ್ಯ ಕಡತಗಳ ಪ್ರತಿಯನ್ನು ಬೇರೆಡೆ ಇರಿಸುವುದೂ ವಿವೇಕ.

ಏಳದ ಯಂತ್ರದ ಮುಂದೆ ಕುಳಿತಾಗ ನಾವು ಕೇಳಬೇಕಾದ ಪ್ರಶ್ನೆ ಒಂದೇ: ದೀವಟಿಗೆ ಯಾರ ಕೈಯವರೆಗೆ ಬಂದಿದೆ? ಉತ್ತರ ತಿಳಿಯುವ ತನಕ ಡಿಸ್ಕಿನ ಮೇಲೆ ಏನನ್ನೂ ಬರೆಯದಿರುವುದೇ ಲೇಸು.