ಮೋಟಾರು ಕಾರುಗಳ ಟೈರಿನ ಅಳತೆ ಹಾಗೂ ಲೋ ಪ್ರೊಫೈಲ್ ಟೈರುಗಳ ಆಯ್ಕೆ: ಸಾರ್ವಜನಿಕರಿಗೆ ಮಾಹಿತಿ

ಕಾರಿನೊಂದಿಗೆ ಬಂದ ಮೂಲ ಗಾಲಿಗಳನ್ನು ತೆಗೆಸಿ, ಅವುಗಳಿಗಿಂತ ದೊಡ್ಡ ಅಲಾಯ್ ಗಾಲಿಗಳನ್ನೂ ಲೋ ಪ್ರೊಫೈಲ್ ಟೈರುಗಳನ್ನೂ ಅಳವಡಿಸಿಕೊಳ್ಳಲು ಇಚ್ಛಿಸುವ ವಾಹನ ಮಾಲೀಕರು ಹಣ ಪಾವತಿಸುವ ಮುನ್ನ ಟೈರಿನ ಅಳತೆಯನ್ನು ಓದುವ ಕ್ರಮವನ್ನು ಅರಿತಿರುವುದು ಅವಶ್ಯಕ. ಅಳತೆಯಲ್ಲಿ ಆಗುವ ತಪ್ಪು ಪ್ರಯಾಣಿಕರ ಸುರಕ್ಷತೆಗೆ ಧಕ್ಕೆ ತರುವುದಲ್ಲದೆ, ಅರ್ಹತಾ ಪ್ರಮಾಣ ಪತ್ರ ಅಥವಾ ನೋಂದಣಿ ನವೀಕರಣದ ತಪಾಸಣೆಯ ಸಮಯದಲ್ಲಿ ತೊಡಕಿಗೂ ಕಾರಣವಾಗುತ್ತದೆ. ಕುಂದಗೋಳ ಭಾಗದ ವಾಹನ ಮಾಲೀಕರ ಅನುಕೂಲಕ್ಕಾಗಿ ಈ ವಿಷಯವನ್ನು ಉದಾಹರಣೆ ಸಹಿತ ಕೆಳಗೆ ವಿವರಿಸಲಾಗಿದೆ.

1. ಟೈರಿನ ಮೇಲಿನ ಅಂಕಿಗಳ ಅರ್ಥ

ಟೈರಿನ ಪಾರ್ಶ್ವಭಾಗದಲ್ಲಿ ‘185/65 ಆರ್ 15 88 ಎಚ್’ ಎಂಬಂತಹ ನಮೂದು ಇರುತ್ತದೆ. ಇದರಲ್ಲಿ 185 ಎಂಬುದು ಟೈರಿನ ಅಗಲ, ಮಿಲಿಮೀಟರುಗಳಲ್ಲಿ. 65 ಎಂಬುದು ಪಾರ್ಶ್ವಭಾಗದ ಎತ್ತರವು ಆ ಅಗಲದ ಶೇಕಡಾ ಎಷ್ಟು ಎಂಬುದನ್ನು ಸೂಚಿಸುತ್ತದೆ; ಇದು ಮಿಲಿಮೀಟರಿನ ಅಳತೆಯಲ್ಲ. ‘ಆರ್’ ಎಂದರೆ ರೇಡಿಯಲ್ ರಚನೆಯ ಟೈರು. 15 ಎಂಬುದು ಟೈರು ಕೂರುವ ರಿಮ್ಮಿನ ವ್ಯಾಸ, ಅಂಗುಲಗಳಲ್ಲಿ. 88 ಎಂಬುದು ಭಾರ ಸೂಚ್ಯಂಕ. ಇದರಂತೆ ಒಂದು ಟೈರು ಗರಿಷ್ಠ 560 ಕಿ.ಗ್ರಾಂ. ಭಾರವನ್ನು ಹೊರಬಲ್ಲದು. ‘ಎಚ್’ ಎಂಬುದು ವೇಗ ಸೂಚಕ. ಗರಿಷ್ಠ ಗಂಟೆಗೆ 210 ಕಿ.ಮೀ. ಇದೇ ರೀತಿ ‘ಟಿ’ ಎಂದರೆ 190 ಕಿ.ಮೀ., ‘ಎಸ್’ ಎಂದರೆ 180 ಕಿ.ಮೀ. ಇವು ಟೈರಿನ ಸಾಮರ್ಥ್ಯದ ಮಿತಿಗಳೇ ಹೊರತು ರಸ್ತೆಯಲ್ಲಿ ಚಲಿಸಲು ನೀಡಿದ ಅನುಮತಿಯಲ್ಲ.

2. ಲೋ ಪ್ರೊಫೈಲ್ ಟೈರು ಎಂದರೇನು

ಎರಡನೆಯ ಅಂಕಿ ಕಡಿಮೆಯಾದಂತೆ ಪಾರ್ಶ್ವಭಾಗ ಗಿಡ್ಡದಾಗುತ್ತದೆ. ಸಾಮಾನ್ಯವಾಗಿ 50 ಅಥವಾ ಅದಕ್ಕಿಂತ ಕಡಿಮೆ ಇರುವ ಟೈರುಗಳನ್ನು ಲೋ ಪ್ರೊಫೈಲ್ ಟೈರುಗಳೆಂದು ಕರೆಯುವುದು ರೂಢಿ. ರಿಮ್ಮಿನ ವ್ಯಾಸ ಹೆಚ್ಚಿದಾಗ ಟೈರಿನ ಪಾರ್ಶ್ವಭಾಗವನ್ನು ಅದೇ ಪ್ರಮಾಣದಲ್ಲಿ ತಗ್ಗಿಸಿ, ಗಾಲಿಯ ಒಟ್ಟು ಎತ್ತರವನ್ನು ಮೊದಲಿನಷ್ಟೇ ಉಳಿಸಿಕೊಳ್ಳುವುದು ಇದರ ತತ್ವ. ಗಿಡ್ಡ ಪಾರ್ಶ್ವಭಾಗವು ತಿರುವುಗಳಲ್ಲಿ ಕಡಿಮೆ ಬಾಗುವುದರಿಂದ ಸ್ಟೀರಿಂಗ್ ಚುರುಕಾಗಿ ಸ್ಪಂದಿಸುತ್ತದೆ. ಆದರೆ ರಸ್ತೆಯ ಕುಲುಕಾಟವನ್ನು ಹೀರಿಕೊಳ್ಳುವ ಗಾಳಿ ಮತ್ತು ರಬ್ಬರಿನ ಪ್ರಮಾಣವೂ ಅಷ್ಟೇ ಕಡಿಮೆಯಾಗುತ್ತದೆ.

3. ಒಟ್ಟು ವ್ಯಾಸದ ಲೆಕ್ಕ

ಒಟ್ಟು ವ್ಯಾಸವನ್ನು ಯಾರು ಬೇಕಾದರೂ ಲೆಕ್ಕ ಹಾಕಬಹುದು. ಅಗಲವನ್ನು ಶೇಕಡಾವಾರಿನಿಂದ ಗುಣಿಸಿದರೆ ಪಾರ್ಶ್ವಭಾಗದ ಎತ್ತರ ದೊರೆಯುತ್ತದೆ. ಅದರ ಎರಡರಷ್ಟಕ್ಕೆ ರಿಮ್ಮಿನ ವ್ಯಾಸವನ್ನು ಕೂಡಿಸಬೇಕು. ಒಂದು ಅಂಗುಲಕ್ಕೆ 25.4 ಮಿ.ಮೀ.

(ಅ) 185/65 ಆರ್ 15: ಪಾರ್ಶ್ವಭಾಗ 120.25 ಮಿ.ಮೀ., ಒಟ್ಟು ವ್ಯಾಸ 621.5 ಮಿ.ಮೀ. (ಮೂಲ ಅಳತೆ)
(ಆ) 195/55 ಆರ್ 16: ಪಾರ್ಶ್ವಭಾಗ 107.25 ಮಿ.ಮೀ., ಒಟ್ಟು ವ್ಯಾಸ 620.9 ಮಿ.ಮೀ.
(ಇ) 205/45 ಆರ್ 17: ಪಾರ್ಶ್ವಭಾಗ 92.25 ಮಿ.ಮೀ., ಒಟ್ಟು ವ್ಯಾಸ 616.3 ಮಿ.ಮೀ.
(ಈ) 195/65 ಆರ್ 16: ಪಾರ್ಶ್ವಭಾಗ 126.75 ಮಿ.ಮೀ., ಒಟ್ಟು ವ್ಯಾಸ 659.9 ಮಿ.ಮೀ.

ಮೊದಲ ಮೂರು ಅಳತೆಗಳ ನಡುವಿನ ವ್ಯತ್ಯಾಸ ಶೇ. 1 ಕ್ಕಿಂತ ಕಡಿಮೆ. ನಾಲ್ಕನೆಯದು ಮೂಲಕ್ಕಿಂತ ಶೇ. 6 ಕ್ಕೂ ಹೆಚ್ಚು ದೊಡ್ಡದು. ಮೂಲ ಟೈರಿಗೆ ಸರಿಯಾಗಿ ಹೊಂದಿಸಿದ ವೇಗಮಾಪಕವು ಇಂತಹ ಟೈರು ಹಾಕಿದ ಕಾರಿನಲ್ಲಿ 80 ಕಿ.ಮೀ. ತೋರಿಸುವಾಗ ಕಾರು ವಾಸ್ತವವಾಗಿ ಸುಮಾರು 85 ಕಿ.ಮೀ. ವೇಗದಲ್ಲಿರುತ್ತದೆ. 100 ಕಿ.ಮೀ. ಕ್ರಮಿಸಿದರೂ ಮಾಪಕದಲ್ಲಿ ಸುಮಾರು 94 ಕಿ.ಮೀ. ಮಾತ್ರ ದಾಖಲಾಗುತ್ತದೆ. ಅಲ್ಲದೆ ಗಾಲಿಯು ಮಡ್‌ಗಾರ್ಡಿಗೆ ತಾಗುವ ಸಂಭವವಿರುತ್ತದೆ.

4. ಭಾರ ಸೂಚ್ಯಂಕವನ್ನು ಕಡೆಗಣಿಸಬಾರದು

ಒಟ್ಟು ವ್ಯಾಸ ಹೊಂದಿದ ಮಾತ್ರಕ್ಕೆ ಟೈರು ಸೂಕ್ತವೆಂದು ಭಾವಿಸತಕ್ಕದ್ದಲ್ಲ. ಒಂದೇ ಅಳತೆಯ ಟೈರುಗಳು ಬೇರೆ ಬೇರೆ ಭಾರ ಸೂಚ್ಯಂಕಗಳಲ್ಲಿ ದೊರೆಯುತ್ತವೆ. ಸೂಚ್ಯಂಕ 88 ಇರುವ ಟೈರಿನ ಬದಲು 84 ಇರುವ ಟೈರನ್ನು ಹಾಕಿದಲ್ಲಿ ಒಂದು ಟೈರಿನ ಸಾಮರ್ಥ್ಯ 560 ರಿಂದ 500 ಕಿ.ಗ್ರಾಂ.ಗೆ ಇಳಿಯುತ್ತದೆ. ನಾಲ್ಕು ಟೈರುಗಳಿಗೆ ಇದು 240 ಕಿ.ಗ್ರಾಂ., ಅಂದರೆ ಮೂರು ನಾಲ್ಕು ಜನರ ತೂಕದಷ್ಟಾಗುತ್ತದೆ. ಕುಟುಂಬದವರೆಲ್ಲ ಕುಳಿತು, ಹಿಂದೆ ಮೆಣಸಿನಕಾಯಿ ಅಥವಾ ಶೇಂಗಾ ಚೀಲಗಳನ್ನಿಟ್ಟುಕೊಂಡು ಬೇಸಿಗೆಯ ಬಿಸಿಲಿನಲ್ಲಿ ಹೆದ್ದಾರಿಯ ಮೇಲೆ ಚಲಿಸುವಾಗ, ಸಾಮರ್ಥ್ಯ ಮೀರಿದ ಟೈರು ಅತಿಯಾಗಿ ಕಾದು ಸಿಡಿಯುವ ಅಪಾಯವಿದೆ. ಆದ್ದರಿಂದ ಹೊಸ ಟೈರಿನ ಭಾರ ಸೂಚ್ಯಂಕ ಮತ್ತು ವೇಗ ಸೂಚಕಗಳು ಮೂಲ ಟೈರಿನವುಗಳಿಗಿಂತ ಕಡಿಮೆ ಇರಬಾರದು. ‘ಎಕ್ಸ್‌ಎಲ್’ ಗುರುತಿರುವ ಟೈರುಗಳು ತಮ್ಮ ಪೂರ್ಣ ಭಾರವನ್ನು ಹೊರಲು ಹೆಚ್ಚಿನ ಗಾಳಿಯ ಒತ್ತಡ ಬೇಕಾಗುತ್ತದೆ ಎಂಬುದನ್ನು ಗಮನಿಸುವುದು.

5. ಎರೆಭೂಮಿಯ ರಸ್ತೆಗಳು

ಕುಂದಗೋಳ ತಾಲೂಕಿನ ಬಹುಭಾಗ ಕಪ್ಪು ಎರೆಭೂಮಿ. ಈ ಮಣ್ಣು ಮಳೆಗಾಲದಲ್ಲಿ ಉಬ್ಬಿ, ಬೇಸಿಗೆಯಲ್ಲಿ ಕುಗ್ಗಿ ಬಿರಿಯುವುದರಿಂದ ಅದರ ಮೇಲಿನ ರಸ್ತೆಗಳಲ್ಲಿ ತಗ್ಗು, ಬಿರುಕು ಮತ್ತು ಅಂಚಿನ ಕುಸಿತ ಉಂಟಾಗುತ್ತವೆ. ಸಂಶಿ, ಗುಡಗೇರಿ, ಯರಗುಪ್ಪಿ, ಕಮಡೊಳ್ಳಿ ಮುಂತಾದ ಗ್ರಾಮಗಳ ಮತ್ತು ಹೊಲಗಳ ದಾರಿಯಲ್ಲಿ ನಿತ್ಯ ಓಡಾಡುವವರು ಮೇಲಿನ ಉದಾಹರಣೆಯನ್ನು ಮತ್ತೊಮ್ಮೆ ನೋಡಬಹುದು. 15 ಅಂಗುಲದಿಂದ 17 ಅಂಗುಲದ ಗಾಲಿಗೆ ಹೋದಾಗ ಪಾರ್ಶ್ವಭಾಗವು 28 ಮಿ.ಮೀ., ಅಂದರೆ ಒಂದು ಅಂಗುಲಕ್ಕೂ ಹೆಚ್ಚು, ಕಡಿಮೆಯಾಗುತ್ತದೆ. ತಗ್ಗಿನ ಅಂಚಿಗೆ ಗಾಲಿ ಬಡಿದಾಗ ಟೈರು ರಿಮ್ಮಿಗೂ ರಸ್ತೆಗೂ ನಡುವೆ ಜಜ್ಜಿ ಪಾರ್ಶ್ವಭಾಗದ ಒಳಗಿನ ಎಳೆಗಳು ತುಂಡಾಗುತ್ತವೆ. ಹೊರಗೆ ಉಬ್ಬು ಕಾಣಿಸಿಕೊಳ್ಳುತ್ತದೆ. ಇಂತಹ ಟೈರನ್ನು ಪಂಕ್ಚರ್ ಅಂಗಡಿಯಲ್ಲಿ ದುರಸ್ತಿ ಮಾಡಿಸಿ ಬಳಸುವಂತಿಲ್ಲ, ಬದಲಾಯಿಸಲೇಬೇಕು. ಅಲಾಯ್ ಗಾಲಿಯು ಬಿರುಕು ಬಿಡುವ ಸಾಧ್ಯತೆಯೂ ಇದೆ. ಗ್ರಾಮೀಣ ರಸ್ತೆಗಳಲ್ಲಿ ಹೆಚ್ಚಾಗಿ ಚಲಿಸುವ ವಾಹನಗಳಿಗೆ ಮೂಲ ಅಳತೆಯೇ ಹೆಚ್ಚು ಸೂಕ್ತ.

6. ಕಾನೂನಿನ ಅವಕಾಶಗಳು

ಮೋಟಾರು ವಾಹನಗಳ ಅಧಿನಿಯಮ, 1988 ರ ಕಲಂ 52 ರ ಪ್ರಕಾರ, ನೋಂದಣಿ ಪ್ರಮಾಣ ಪತ್ರದಲ್ಲಿನ ವಿವರಗಳು ತಯಾರಕರು ಮೂಲತಃ ನಿರ್ದಿಷ್ಟಪಡಿಸಿದ ವಿವರಗಳಿಗಿಂತ ಭಿನ್ನವಾಗುವಂತೆ ವಾಹನವನ್ನು ಮಾರ್ಪಡಿಸುವಂತಿಲ್ಲ. 2019 ರ ಜನವರಿಯಲ್ಲಿ ಮಾನ್ಯ ಸರ್ವೋಚ್ಚ ನ್ಯಾಯಾಲಯವು ಕೇರಳದ ಪ್ರಕರಣವೊಂದರಲ್ಲಿ ಇದನ್ನು ಎತ್ತಿಹಿಡಿದಿದೆ. 2019 ರ ತಿದ್ದುಪಡಿಯಿಂದ ಸೇರಿದ ಕಲಂ 182ಎ ಪ್ರಕಾರ, ಅನುಮತಿಯಿಲ್ಲದ ಮಾರ್ಪಾಡು ಮಾಡುವ ಮಾಲೀಕರಿಗೆ ಆರು ತಿಂಗಳವರೆಗೆ ಕಾರಾವಾಸ, ಅಥವಾ ಪ್ರತಿ ಮಾರ್ಪಾಡಿಗೆ ರೂ. 5,000 ದಂಡ, ಅಥವಾ ಎರಡನ್ನೂ ವಿಧಿಸಬಹುದು.

ಕೇಂದ್ರ ಮೋಟಾರು ವಾಹನಗಳ ನಿಯಮಗಳು, 1989 ರ ನಿಯಮ 94 ಟೈರುಗಳ ಸ್ಥಿತಿಗೆ ಸಂಬಂಧಿಸಿದ್ದು, ಕಾರುಗಳ ಟೈರಿನ ಗೀರುಗಳ ಆಳ 1.6 ಮಿ.ಮೀ. ಗಿಂತ ಕಡಿಮೆ ಇರತಕ್ಕದ್ದಲ್ಲ.

ಆದ್ದರಿಂದ ಲೆಕ್ಕದಲ್ಲಿ ಹೊಂದುವ ಅಳತೆಯಾದರೂ, ಸದರಿ ಮಾದರಿಗೆ ತಯಾರಕರು ಅದನ್ನು ನಿರ್ದಿಷ್ಟಪಡಿಸಿದ್ದಾರೆಯೇ ಎಂಬುದನ್ನು ಮೊದಲು ಖಚಿತಪಡಿಸಿಕೊಳ್ಳತಕ್ಕದ್ದು. ಅಂಗಡಿಯವರ ಮಾತು ಇದಕ್ಕೆ ಆಧಾರವಾಗುವುದಿಲ್ಲ.

7. ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಅಂಶಗಳು

• ಚಾಲಕನ ಬಾಗಿಲಿನ ಬಳಿ ಇರುವ ಫಲಕ ಅಥವಾ ಮಾಲೀಕರ ಕೈಪಿಡಿಯಲ್ಲಿ ನಮೂದಾಗಿರುವ ಟೈರಿನ ಅಳತೆ ಮತ್ತು ಗಾಳಿಯ ಒತ್ತಡ.
• ಹೊಸ ಅಳತೆಯನ್ನು ಅದೇ ಮಾದರಿಗೆ ತಯಾರಕರು ಅನುಮೋದಿಸಿರುವ ಬಗ್ಗೆ ಅಧಿಕೃತ ಮಾರಾಟಗಾರರಿಂದ ಲಿಖಿತ ಮಾಹಿತಿ.
• ಟೈರಿನ ಮೇಲೆ ಐ.ಎಸ್.ಐ. ಗುರುತು ಹಾಗೂ ತಯಾರಿಕೆಯ ನಾಲ್ಕಂಕಿಯ ನಮೂದು. ಉದಾಹರಣೆಗೆ 2324 ಎಂದರೆ 2024 ನೇ ವರ್ಷದ 23 ನೇ ವಾರ.
• ರಿಮ್ಮಿನ ಅಗಲವು ಟೈರಿನ ಅಗಲಕ್ಕೆ ಹೊಂದುವುದೇ, ಮತ್ತು ಸ್ಟೀರಿಂಗನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿದಾಗ ಗಾಲಿ ಎಲ್ಲಿಯಾದರೂ ತಾಗುವುದೇ ಎಂಬುದು.
• ಹೆಚ್ಚುವರಿ ಗಾಲಿ, ಅಂದರೆ ಸ್ಟೆಪ್ನಿ, ಹಳೆಯ ಅಳತೆಯದಾಗಿ ಉಳಿದಲ್ಲಿ ಅದನ್ನು ಬಳಸಬೇಕಾದ ರೀತಿ.
• ಗಾಲಿಗಳ ಬದಲಾವಣೆಯನ್ನು ವಿಮಾ ಕಂಪನಿಗೆ ಲಿಖಿತವಾಗಿ ತಿಳಿಸಿ ಪಡೆದ ಸ್ವೀಕೃತಿ.

ಅರ್ಹತಾ ಪ್ರಮಾಣ ಪತ್ರಕ್ಕಾಗಲಿ, 15 ವರ್ಷಗಳ ನಂತರದ ನೋಂದಣಿ ನವೀಕರಣಕ್ಕಾಗಲಿ ಅರ್ಜಿ ಸಲ್ಲಿಸುವವರು ವಾಹನವನ್ನು ತಪಾಸಣೆಗೆ ಹಾಜರುಪಡಿಸಬೇಕಾಗುತ್ತದೆ. ಮೂಲ ಗಾಲಿ ಮತ್ತು ಟೈರುಗಳನ್ನು ಮಾರಾಟ ಮಾಡದೆ ಇಟ್ಟುಕೊಳ್ಳುವುದು ಒಳಿತು. ಸಂದೇಹವಿದ್ದಲ್ಲಿ ನೋಂದಣಿ ಪ್ರಮಾಣ ಪತ್ರದೊಂದಿಗೆ ವಾಹನ ನೋಂದಣಿಯಾಗಿರುವ ಪ್ರಾದೇಶಿಕ ಸಾರಿಗೆ ಕಛೇರಿಯಲ್ಲಿ ವಿಚಾರಿಸಿ, ನಂತರವೇ ಖರೀದಿಸಲು ಕೋರಲಾಗಿದೆ.