ಇಂಬಳ ಇದೆ, ನೋಡಿಕೊಂಡು ಬನ್ನಿ!

ಜೂನ್ ಮೊದಲ ವಾರ. ಮಾರನೇ ದಿನ ಇಂಟರ್ನಲ್ಸ್ ಅಂತ ಹಾಸ್ಟೆಲ್ ರೂಮಿನಲ್ಲಿ ಪುಸ್ತಕ ಹಿಡಿದು ಕೂತಿದ್ದೆ. ಅಮ್ಮನ ನಂಬರಿನಿಂದ ಫೋನ್ ಬಂತು. ಮಾತಾಡಿದ್ದು ಅಜ್ಜಿ. ಅಜ್ಜಿ ತಾನಾಗಿ ಫೋನ್ ಮಾಡಿಸುವುದು ಯಾರಾದರೂ ತೀರಿಕೊಂಡಾಗ ಮಾತ್ರ. ಎದೆ ಧಸಕ್ಕೆಂದಿತು.

"ಬಂದವ್ರು ಹೋಗ್ಬಿಟ್ರು ಮಾರಾಯ್ತಿ. ಎಲೆ ಹಾಕಿದ್ದೆ. ಉಣ್ಣದೇ ಹೋದ್ರು."

ಬಂದವರು ಅಂದರೆ ನಮ್ಮ ಹೋಮ್‌ಸ್ಟೇಯ ಮೊಟ್ಟಮೊದಲ ಅತಿಥಿಗಳು. ಬೆಂಗಳೂರಿನಿಂದ ಬಂದಿದ್ದ ಗಂಡ, ಹೆಂಡತಿ, ಆರೇಳು ವರ್ಷದ ಮಗಳು. ಎರಡು ರಾತ್ರಿಗೆ ಬುಕ್ ಮಾಡಿದ್ದವರು ಮುಕ್ಕಾಲು ಗಂಟೆಯೂ ಇರಲಿಲ್ಲವಂತೆ.

ನಮ್ಮದು ತೀರ್ಥಹಳ್ಳಿಯಿಂದ ಆಗುಂಬೆ ಕಡೆ ಹೋಗುವಾಗ ಡಾಂಬರು ರಸ್ತೆ ಬಿಟ್ಟು ಒಳಗೆ ಹೋಗಬೇಕಾದ ಊರು. ಇರುವುದು ಮೂರು ಎಕರೆ ಅಡಿಕೆ ತೋಟ. ಎಲೆಚುಕ್ಕಿ ರೋಗ ಬಂದ ಮೇಲೆ ತೋಟದ ಕಡೆ ನೋಡಲಿಕ್ಕೇ ಬೇಜಾರು. ಹಸಿರಾಗಿರಬೇಕಾದ ಸೋಗೆ ಸುಟ್ಟ ಹಾಗೆ ಕಾಣುತ್ತದೆ. ಔಷಧಿ ಹೊಡೆದಷ್ಟೂ ಖರ್ಚು, ಫಸಲು ಮಾತ್ರ ಇಳಿಯುತ್ತಲೇ ಹೋಯಿತು. ಅಪ್ಪಯ್ಯ ಸೊಸೈಟಿಯಲ್ಲಿ ನಾಲ್ಕು ಲಕ್ಷ ಸಾಲ ಎತ್ತಿ, ಅಡಿಕೆ ಮೂಟೆ ಇಡುತ್ತಿದ್ದ ಉಪ್ಪರಿಗೆಯ ಎರಡು ಕೋಣೆಗೆ ಟೈಲ್ಸ್ ಹಾಕಿಸಿ, ಕಮೋಡ್ ಕೂರಿಸಿ, ಮೇಲೊಂದು ಸೋಲಾರ್ ಇಟ್ಟರು. ಪ್ರವಾಸೋದ್ಯಮ ಇಲಾಖೆಯ ನೋಂದಣಿಗೆ ಓಡಾಡಿದ್ದೇ ಎರಡು ತಿಂಗಳು. ಅಜ್ಜಿಗೆ ಇದು ಮೊದಲಿನಿಂದಲೂ ಹಿಡಿಸಿರಲಿಲ್ಲ. "ಉಂಡವ್ರ ಹತ್ರ ದುಡ್ಡು ಇಸ್ಕಳದಾ?" ಅಂತ ಒಂದೇ ಮಾತು. ಕೊನೆಗೆ, ಬಡಿಸುವುದು ತಾನೇ ಎಂಬ ಷರತ್ತಿನ ಮೇಲೆ ಒಪ್ಪಿಕೊಂಡಿದ್ದರು. ಆ ಮೊದಲ ಎಲೆಯೇ ಖಾಲಿ ಉಳಿಯಿತು.

ಏರ್‌ಬಿಎನ್‌ಬಿಯಲ್ಲಿ ನಮ್ಮ ಮನೆಯನ್ನು ಹಾಕಿದ್ದು ಬೆಂಗಳೂರಿನಲ್ಲಿ ಕೆಲಸದಲ್ಲಿರುವ ದೊಡ್ಡಪ್ಪನ ಮಗ. ಪಾಪ, ಒಂದು ಭಾನುವಾರ ಪೂರ್ತಿ ಕೂತು ಮಾಡಿದ್ದ. ಏಪ್ರಿಲ್ ಮಧ್ಯದಿಂದ ಮೇ ಮುಗಿಯುವವರೆಗೆ, ಇಡೀ ಬೇಸಿಗೆ ರಜೆಯಲ್ಲಿ, ಒಂದೇ ಒಂದು ಬುಕಿಂಗ್ ಇಲ್ಲ. ಬಂದ ಒಂದು ಬುಕಿಂಗ್ ಹೀಗಾಯಿತು. ಎರಡು ದಿನ ಬಿಟ್ಟು ಅವರ ರಿವ್ಯೂ ಬಂತು. ಎರಡು ಸ್ಟಾರ್. ಫೋಟೊದಲ್ಲಿದ್ದ ಜಲಪಾತ ಇಲ್ಲ, ದಾರಿ ಇಲ್ಲ, ಮಗಳ ಕಾಲಿಗೆ ಜಿಗಣೆ ಕಚ್ಚಿತು. ಕೊನೆಯಲ್ಲಿ, ಮನೆಯವರು ಒಳ್ಳೆಯವರು ಅಂತ ಬೇರೆ ಬರೆದಿದ್ದರು. ಆ ಕೊನೆಯ ಮಾತೇ ನನಗೆ ಹೆಚ್ಚು ಚುಚ್ಚಿತು.

ಅವತ್ತು ರಾತ್ರಿ ನನ್ನ ಮೂವರು ರೂಮ್‌ಮೇಟ್‌ಗಳಿಗೆ ನಮ್ಮ ಪೇಜ್ ಅನ್ನು ಹತ್ತೇ ಹತ್ತು ಸೆಕೆಂಡು ತೋರಿಸಿ ಫೋನ್ ಕಸಿದುಕೊಂಡೆ. ಏನು ನೆನಪಿದೆ ಹೇಳಿ ಅಂದೆ. ಒಬ್ಬಳು, "ಫಾಲ್ಸ್ ಪಕ್ಕ ಇರೋ ರೆಸಾರ್ಟ್". ಇನ್ನೊಬ್ಬಳು, "ಯಾವ್ದೋ ಹೊಸ ಲಾಡ್ಜ್". ಮೂರನೆಯವಳು, "ಬಾತ್‌ರೂಮ್ ಫೋಟೊನೇ ಇಲ್ವಲ್ಲೇ?" ಅಂದಳು. ಇದು ಒಂದು ಮನೆ ಅಂತ ಮೂವರಲ್ಲಿ ಒಬ್ಬಳಿಗೂ ಗೊತ್ತಾಗಿರಲಿಲ್ಲ.

ಇಂಟರ್ನಲ್ಸ್ ಮುಗಿದ ಸಂಜೆಯೇ ಶಿವಮೊಗ್ಗದಿಂದ ಬಸ್ ಹತ್ತಿದೆ. ದಾರಿಯಲ್ಲಿ ಏರ್‌ಬಿಎನ್‌ಬಿಯ ಕಥೆಯನ್ನೇ ಓದಿದೆ. 2009ರಲ್ಲಿ ನ್ಯೂಯಾರ್ಕಿನಲ್ಲಿ ಅವರಿಗೂ ನಮ್ಮದೇ ಗೋಳು. ಮನೆಗಳಿವೆ, ಬುಕಿಂಗ್ ಇಲ್ಲ. ಕಂಪನಿ ಕಟ್ಟಿದ ಬ್ರಯಾನ್ ಚೆಸ್ಕಿ ಮತ್ತು ಜೋ ಗೆಬಿಯಾ ಬಾಡಿಗೆಗೆ ಕ್ಯಾಮೆರಾ ತಂದು, ಮನೆಮನೆಗೆ ಹೋಗಿ ತಾವೇ ಫೋಟೊ ತೆಗೆದರಂತೆ. ಆಮೇಲೆ ವ್ಯಾಪಾರ ಕುದುರಿತು. ನನ್ನ ಹತ್ತಿರ ಕ್ಯಾಮೆರಾ ಇಲ್ಲ. ತುದಿ ಒಡೆದ ಫೋನಿದೆ.

ಮೊದಲು ಮಾಡಿದ ಕೆಲಸ ಹಳೆಯ ಫೋಟೊ ಅಷ್ಟನ್ನೂ ತೆಗೆದು ಹಾಕಿದ್ದು. ಆ ಜಲಪಾತ ಎಲ್ಲಿಯದೋ ಡೌನ್‌ಲೋಡ್ ಮಾಡಿದ್ದು, ಅಣ್ಣನಿಗೂ ಅದರ ಹೆಸರು ಗೊತ್ತಿಲ್ಲ! ಕೋಣೆಗಳನ್ನು ಅವನು ಫೋನಿನ 0.5 ಲೆನ್ಸ್‌ನಲ್ಲಿ ತೆಗೆದಿದ್ದ. ಅದರಲ್ಲಿ ಹತ್ತಡಿಯ ಕೋಣೆ ಮದುವೆ ಛತ್ರದಂತೆ ಕಾಣುತ್ತಿತ್ತು. ನಾನು ಮಾಮೂಲಿ ಲೆನ್ಸ್ ಇಟ್ಟು, ಮೂಲೆಯಲ್ಲಿ ನಿಂತು, ಫೋನನ್ನು ಎದೆಯ ಎತ್ತರಕ್ಕೆ ಹಿಡಿದು ಅಡ್ಡಡ್ಡ ತೆಗೆದೆ. ಮಳೆಗಾಲದ ಮಲೆನಾಡಿನಲ್ಲಿ ಬೆಳಕು ಸಿಗುವುದೇ ಕಷ್ಟ. ಮೂರು ದಿನ ಕಾದು, ಬೆಳಿಗ್ಗೆ ಎಂಟರ ಹೊತ್ತಿಗೆ ಮೋಡ ಸ್ವಲ್ಪ ತೆಳುವಾದಾಗ ಕಿಟಕಿಯೆಲ್ಲ ತೆರೆದು, ಒಳಗಿನ ಲೈಟೂ ಹಾಕಿ ತೆಗೆದಿದ್ದು. ಫ್ಲ್ಯಾಶ್ ಹಾಕಿದರೆ ಗೋಡೆಯ ಪಸೆಯೆಲ್ಲ ಮಿಂಚಿ, ಕೋಣೆ ಅಳುತ್ತಿರುವ ಹಾಗೆ ಬರುತ್ತದೆ.

ಫೋಟೊಕ್ಕಿಂತ ದೊಡ್ಡ ಯುದ್ಧ ನಡೆದದ್ದು ಹಾಸಿಗೆಯ ಮೇಲೆ. ಅಮ್ಮ ಹಾಸಿದ್ದು ನವಿಲಿನ ಚಿತ್ರದ ಕಡುನೇರಳೆ ಬೆಡ್‌ಶೀಟ್. ಬಿಳಿಯದು ಬೀರುವಿನಲ್ಲಿ ನಾಲ್ಕಿದೆ, ಕವರ್ ಕೂಡ ಬಿಚ್ಚಿಲ್ಲ.

"ಅದು ನೆಂಟ್ರು ಬಂದ್ರೆ ಬೇಕಾಗ್ತದೆ," ಅಂದರು ಅಮ್ಮ.

"ಅಮ್ಮ, ಇವ್ರೇ ನೆಂಟ್ರು."

ಅಮ್ಮ ಒಂದು ಗಳಿಗೆ ಸುಮ್ಮನೆ ನಿಂತು, ಬೀರುವಿನ ಕೀಲಿ ಕೊಟ್ಟರು.

ಗೋಡೆಗೆ ಮೂರು ಕ್ಯಾಲೆಂಡರ್ ಇದ್ದವು. ಸೊಸೈಟಿಯದು, ಚಿನ್ನದಂಗಡಿಯದು, ಗೊಬ್ಬರದಂಗಡಿಯದು. ಮೂರೂ ಅಡುಗೆಮನೆಗೆ ಹೋದವು. ಜಗಲಿಯಲ್ಲಿರುವ, ಗಂಧದ ಹಾರ ಹಾಕಿದ ಅಜ್ಜಯ್ಯನ ಫೋಟೊ ತೆಗೆಯಬೇಕೋ ಬೇಡವೋ ಅಂತ ದೊಡ್ಡ ಚರ್ಚೆ. ಬಂದವರಿಗೆ ಒಂಥರಾ ಆಗುತ್ತದೆ ಅಂತ ಅಣ್ಣ ಫೋನಿನಲ್ಲಿ ಹೇಳಿದ. ಅಜ್ಜಿಯನ್ನು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ. ಅಜ್ಜಯ್ಯ ಅಲ್ಲೇ ಉಳಿದರು, ಜಗಲಿಯ ಫೋಟೊದಲ್ಲೂ ಬಂದರು.

ಕಂಪ್ಯೂಟರಿನಲ್ಲಿ ಪೇಜ್ ತೆರೆದರೆ ಮೊದಲಿಗೆ ಐದು ಫೋಟೊ ಒಟ್ಟಿಗೆ ಕಾಣುತ್ತವೆ. ಆ ಐದರಲ್ಲಿ ಇಡೀ ಮನೆ ಹೇಳಿ ಮುಗಿಸಬೇಕು. ಅಂಗಳದಿಂದ ಕಾಣುವ ಹೆಂಚಿನ ಮನೆ, ಬಿಳಿ ಹಾಸಿಗೆಯ ಕೋಣೆ, ಕಮೋಡ್ ಸಮೇತ ಬಾತ್‌ರೂಮು, ಬಾಳೆಲೆಯ ಮೇಲೆ ಕಡುಬು ಮತ್ತು ಕೋಳಿ ಸಾರು. ಐದನೆಯದು ಯಾವುದು ಅಂತ ನಾನು ಹೇಳಿದಾಗ ಅಪ್ಪಯ್ಯ ಹುಬ್ಬು ಗಂಟಿಕ್ಕಿದರು. ಮನೆಗೆ ಬರುವ ಕೊನೆಯ ಒಂದೂವರೆ ಕಿಲೋಮೀಟರ್ ಮಣ್ಣು ರಸ್ತೆ, ಕೆಸರು ಸಮೇತ.

ಮೊದಲ ಅತಿಥಿಗಳು ಆ ರಸ್ತೆಗೂ ಬಂದಿರಲಿಲ್ಲ ಅನ್ನುವುದು ನನಗೆ ಊರಿಗೆ ಹೋದ ಮೇಲೆ ಗೊತ್ತಾಯಿತು. ಪೇಜಿನಲ್ಲಿ ಹಾಕಿದ್ದ ಲೊಕೇಶನ್ ಹಳ್ಳದ ಆಚೆ ದಡಕ್ಕೆ ಬಿದ್ದಿತ್ತು. ಮ್ಯಾಪ್ ನೋಡಿಕೊಂಡು ಅವರು ಆ ಕಡೆಯ ದಾರಿ ಹಿಡಿದಿದ್ದಾರೆ. ಅಲ್ಲಿ ರಸ್ತೆ ಮುಗಿದು ಸಂಕ ಶುರುವಾಗುತ್ತದೆ. ನಾವು ಕಣ್ಣು ಮುಚ್ಚಿ ದಾಟುವ ಆ ಎರಡು ಮರದ ಸಂಕವನ್ನು, ಸುರಿಯುವ ಮಳೆಯಲ್ಲಿ, ಸೂಟ್‌ಕೇಸ್ ಹಿಡಿದು, ಮಗುವಿನ ಕೈ ಹಿಡಿದು ಅವರು ದಾಟಿದ್ದಾರೆ. ಆಮೇಲೆ ತರಗೆಲೆ ತುಂಬಿದ ತೋಟದೊಳಗೆ ನಡಿಗೆ. ಇಂಬಳ ಹತ್ತದೆ ಇನ್ನೇನು? ಮಗುವಿನ ಬೆರಳ ಸಂದಿಯಲ್ಲಿ ರಕ್ತ ನೋಡಿ ಆ ತಾಯಿ ಕಿರುಚಿದ್ದರಲ್ಲಿ ತಪ್ಪೇನಿದೆ? ಅಜ್ಜಿ ಉಪ್ಪು ಹಿಡಿದು ಓಡಿದ್ದಾರೆ. ಅದನ್ನು ನೋಡಿ ಮಗು ಮತ್ತೂ ಜೋರಾಗಿ ಅತ್ತಿದೆ.

ನಮ್ಮ ಅಂಗಳದ ತುಳಸಿಕಟ್ಟೆಯ ಪಕ್ಕ ನಿಂತು ಪಿನ್ ಸರಿ ಮಾಡಿದೆ. ಮುಖ್ಯರಸ್ತೆಯಿಂದ ಎಲ್ಲೆಲ್ಲಿ ತಿರುಗಬೇಕು ಅಂತ ಹಾಲಿನ ಡೈರಿ, ಬಸ್‌ಸ್ಟ್ಯಾಂಡ್, ದೊಡ್ಡ ಹಲಸಿನ ಮರ ಎಲ್ಲದರ ಫೋಟೊ ತೆಗೆದು, ಬುಕ್ ಮಾಡಿದವರಿಗೆ ಕಳಿಸುವ ಮೆಸೇಜ್‌ಗೆ ಸೇರಿಸಿದೆ. ಸಣ್ಣ ಕಾರಿನವರಿಗೆ ಡೈರಿಯ ಹತ್ತಿರದಿಂದ ನಮ್ಮ ಜೀಪು.

ಹೆಸರು ಬದಲಾಯಿಸುವುದು ಐದು ನಿಮಿಷದ ಕೆಲಸ. ಮಂಜು, ಸ್ವರ್ಗ, ಪ್ಯಾರಡೈಸ್ ಅಂತ ಹೆಸರಿರುವ ಮನೆಗಳು ಮಲೆನಾಡಿನಲ್ಲಿ ಅಡಿಕೆ ಮರದಷ್ಟಿವೆ. "ಅಡಿಕೆ ತೋಟದ ಹಳೇ ಮನೆ, ಅಜ್ಜಿ ಕೈಯಡುಗೆ" ಅಂತ ಇಟ್ಟೆ, ಇಂಗ್ಲಿಷಿನಲ್ಲೂ ಅದನ್ನೇ.

ವಿವರಣೆ ಬರೆಯುವಾಗ ಜಗಳ ಶುರುವಾಯಿತು. ನಾನು ಬರೆದದ್ದು ಹೀಗೆ: ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಂಬಳ ಇರುತ್ತವೆ, ಮೊಣಕಾಲುದ್ದದ ಕಾಲುಚೀಲ ತನ್ನಿ, ಉಪ್ಪು ನಾವು ಕೊಡುತ್ತೇವೆ. ಮೊಬೈಲ್ ನೆಟ್‌ವರ್ಕ್ ಕೊಟ್ಟಿಗೆಯ ಪಕ್ಕ ಮಾತ್ರ. ಕರೆಂಟ್ ಹೋದರೆ ವೈಫೈ ಹೋಗುತ್ತದೆ, ಕರೆಂಟ್ ಹೋಗುತ್ತಲೇ ಇರುತ್ತದೆ. ಮಳೆಗಾಲದಲ್ಲಿ ಸೋಲಾರ್ ನಂಬಬೇಡಿ, ಹಂಡೆಯ ಬಿಸಿನೀರು ಬಕೆಟ್‌ನಲ್ಲಿ ತಂದುಕೊಡುತ್ತೇವೆ. ರಾತ್ರಿಯಿಡೀ ಕಪ್ಪೆ ಕೂಗುತ್ತವೆ. ಜಲಪಾತ ಇಲ್ಲ, ಹಳ್ಳ ಇದೆ. ಕುಂದಾದ್ರಿ, ಕವಲೇದುರ್ಗ, ಕುಪ್ಪಳಿಯ ಕವಿಮನೆ ನೋಡಿ ಬರಬಹುದು.

ಅಣ್ಣನಿಗೆ ಓದಿ ಹೇಳಿದೆ. "ನಿಂಗೆ ತಲೆ ಕೆಟ್ಟಿದ್ಯಾ? ನಮ್ಮ ಮಾಲಿಗೆ ನಾವೇ ಹೆಸ್ರು ಕೆಡ್ಸದಾ?" ಅಂದ. ಅಮ್ಮನಿಗೂ ಅದೇ ಅನ್ನಿಸಿತು. ನಾನು ಎಂಥದೋ ಡೇಟಾ, ಎಕ್ಸ್‌ಪೆಕ್ಟೇಷನ್ ಅಂತೆಲ್ಲ ವಾದಿಸಿದೆ, ಯಾರಿಗೂ ತಲುಪಲಿಲ್ಲ. ಕೊನೆಗೆ ನನ್ನ ಪರ ಬಂದದ್ದು ಅಷ್ಟೂ ಹೊತ್ತು ಕವಳ ಹಾಕಿಕೊಂಡು ಸುಮ್ಮನೆ ಕೂತಿದ್ದ ಅಪ್ಪಯ್ಯ.

"ಮಂಡಿಗೆ ಮೂಟೆ ಹಾಕ್ದಾಗ ಅವ್ರು ಮೇಲಿಂದ ನೋಡದಲ್ಲ, ಅಡೀಂದ ಕೈ ಹಾಕಿ ತೆಗೀತಾರೆ. ಮೇಲೆ ಬೆಟ್ಟೆ ಹಾಕಿ ಅಡೀಲಿ ಗೊರಬಲು ತುಂಬ್ದವ್ನಿಗೆ ಮುಂದಿನ ವರ್ಷನೂ ಬೆಟ್ಟೆಗೆ ರೇಟ್ ಸಿಕ್ಕದಿಲ್ಲ. ಅವ್ಳು ಬರ್ದಿದ್ದು ಇರ್ಲಿ."

ಅಪ್ಪಯ್ಯನನ್ನು ಒಪ್ಪಿಸಲಾಗದೆ ಹೋಗಿದ್ದು ಬಾಡಿಗೆಯ ವಿಷಯದಲ್ಲಿ. ಹತ್ತಿರದ ಈಜುಕೊಳದ ರೆಸಾರ್ಟ್ ನೋಡಿ ಕೋಣೆಗೆ 4500 ರೂಪಾಯಿ ಇಟ್ಟಿದ್ದರು. ಹೊಸದಾಗಿ ಪಟ್ಟಿಗೆ ಸೇರಿದ ಮನೆಯವರು ಮೊದಲ ಮೂರು ಬುಕಿಂಗ್‌ಗೆ ಶೇ 20 ರಿಯಾಯಿತಿ ಕೊಡುವ ಅವಕಾಶವಿದೆ, ಅಣ್ಣ ಅದನ್ನು ಹಾಕಿಯೂ ಇದ್ದ. ಆದರೂ 3600. ಸೋಪು, ಕರೆಂಟು, ಬಟ್ಟೆ ಒಗೆಯಲು ಬರುವವರ ಕೂಲಿ, ತಿಂಡಿ ಎಲ್ಲ ಲೆಕ್ಕ ಬರೆದು, 2400ಕ್ಕೆ ಕೊಟ್ಟರೂ ಕೈಯಲ್ಲಿ ಉಳಿಯುತ್ತದೆ ಅಂತ ತೋರಿಸಿದೆ. "ಆಯ್ತು, ಮಳೆಗಾಲ ಮುಗಿಯಲಿ" ಅಂದರು. ವಾರದ ದಿನಗಳಿಗೆ ಮಾತ್ರ ಇಳಿಸಲು ಒಪ್ಪಿದರು. ಅವರು ಬರೆಸಿದ್ದ 14 ನಿಯಮ ಓದಿದರೆ ನಮ್ಮ ಹಾಸ್ಟೆಲ್ ನೋಟಿಸ್ ಬೋರ್ಡ್ ನೆನಪಾಗುತ್ತಿತ್ತು. ಅದು ನಾಲ್ಕಕ್ಕಿಳಿಯಿತು.

ಉಳಿದದ್ದು ಆ ಎರಡು ಸ್ಟಾರ್. ಅದನ್ನು ಅಳಿಸಲು ಬರುವುದಿಲ್ಲ, ಕೆಳಗೆ ಉತ್ತರ ಬರೆಯಬಹುದು. ಮೊದಲು ಬರೆದದ್ದರಲ್ಲಿ ಮಲೆನಾಡೆಂದರೆ ಇಂಬಳ ಇರುವುದಿಲ್ಲವೇ ಎಂಬ ಸಿಟ್ಟಿತ್ತು. ಅಳಿಸಿದೆ. ಎರಡನೆಯದು ಹೀಗಿತ್ತು: ನೀವು ಹೇಳಿದ್ದು ಸರಿ. ಜಲಪಾತದ ಫೋಟೊ ಮತ್ತು ತಪ್ಪು ದಾರಿ ಎರಡೂ ನಮ್ಮದೇ ತಪ್ಪು. ಎರಡನ್ನೂ ಸರಿ ಮಾಡಿದ್ದೇವೆ. ಮಗಳ ಕಾಲು ವಾಸಿಯಾಗಿದೆ ಎಂದುಕೊಂಡಿದ್ದೇವೆ. ಕಳಿಸುವ ಮೊದಲು ಅಜ್ಜಿಗೆ ಓದಿದೆ. "ಇನ್ನೊಂದ್ಸಲ ಬಂದ್ರೆ ಉಂಡ್ಕಂಡೇ ಹೋಗ್ಬೇಕು ಅಂತ ಹಾಕು," ಅಂದರು. ಹಾಕಿದೆ.

ಒಂಬತ್ತು ದಿನ ಏನೂ ಆಗಲಿಲ್ಲ. ಹಾಸ್ಟೆಲ್‌ಗೆ ವಾಪಸಾಗಿದ್ದ ನನಗೆ ಲ್ಯಾಬಿನಲ್ಲಿ ಮೆಸೇಜ್ ಬಂತು. ಮೈಸೂರಿನ ನಿವೃತ್ತ ದಂಪತಿ. ಅವರು ಕೇಳಿದ ಮೊದಲ ಪ್ರಶ್ನೆ: ಇಂಬಳ ನಿಜವಾಗಿ ಎಷ್ಟಿವೆ? "ಅಂಗಳದಲ್ಲಿ ಕಡಿಮೆ, ತೋಟದಲ್ಲಿ ಲೆಕ್ಕವಿಲ್ಲ" ಅಂತ ಬರೆದೆ. ಮೂರು ರಾತ್ರಿಗೆ ಬುಕ್ ಮಾಡಿದರು. ಬರುವಾಗ ಉದ್ದ ಕಾಲುಚೀಲದ ಜೊತೆ ಉಪ್ಪಿನ ಪ್ಯಾಕೆಟ್ಟನ್ನೂ ತಂದಿದ್ದರಂತೆ. ಆ ಅಮ್ಮ ಜಗಲಿಯಲ್ಲಿ ಅಜ್ಜಯ್ಯನ ಫೋಟೊ ನೋಡಿ ಯಾರಿವರು ಅಂತ ಕೇಳಿದ್ದೇ ತಡ, ಅಜ್ಜಿ ರಾತ್ರಿ ಹತ್ತರವರೆಗೆ ಕಥೆ ಹೇಳಿದ್ದಾರೆ. ಹೊರಡುವಾಗ ಅಜ್ಜಿ ಅವರಿಗೆ ಕಳಲೆ ಉಪ್ಪಿನಕಾಯಿ ಕಟ್ಟಿಕೊಟ್ಟು ದುಡ್ಡು ಬೇಡ ಅಂದದ್ದನ್ನು ಅಪ್ಪಯ್ಯ ನೋಡಿಯೂ ನೋಡದ ಹಾಗೆ ಇದ್ದರಂತೆ.

ಮೂರು ರಿವ್ಯೂ ಆಗುವವರೆಗೆ ಮನೆಯ ಹೆಸರಿನ ಪಕ್ಕ ಒಟ್ಟು ರೇಟಿಂಗ್ ಕಾಣುವುದಿಲ್ಲ. ನಮ್ಮದು ಆಗಸ್ಟ್‌ನಲ್ಲಿ ಕಂಡಿತು, ಎರಡು ಐದು, ಒಂದು ಎರಡು, ಸರಾಸರಿ ನಾಲ್ಕು. ಪರೀಕ್ಷೆಯಲ್ಲಾದರೆ ಡಿಸ್ಟಿಂಕ್ಷನ್, ಇಲ್ಲಿ ಜನ ದಾಟಿ ಮುಂದೆ ಹೋಗುವ ಅಂಕ. ಇಡೀ ಆಗಸ್ಟ್‌ಗೆ ನಾಲ್ಕೇ ರಾತ್ರಿ ಬುಕ್ ಆದವು. ಸೊಸೈಟಿಯ ಕಂತು ಈ ಸಲವೂ ಕಾಳುಮೆಣಸು ಮಾರಿಯೇ ಕಟ್ಟಿದ್ದು. ದಸರಾ ರಜೆಗೆ ಮಾತ್ರ ಎರಡೂ ಕೋಣೆ ತುಂಬಿದ್ದವು.

ಮೊನ್ನೆ ಅಪ್ಪಯ್ಯ ಫೋನ್ ಮಾಡಿ, "ಮಳೆ ನಿಂತ್ತು, ಇಂಬಳದ ಸಾಲು ತೆಗ್ದಾಕು" ಅಂದರು. ಹಿಂದಿನಿಂದ ಅಜ್ಜಿಯ ದನಿ: "ಪೂರ್ತಿ ತೆಗೀಬ್ಯಾಡ, ಹಳ್ಳದ ಬದೀಲಿ ಇನ್ನೂ ಅದಾವೆ!" ಪೇಜ್ ತೆರೆದು ತಿದ್ದಿದೆ: ಇಂಬಳ ಈಗ ಹಳ್ಳದ ಬದಿಯಲ್ಲಿ ಮಾತ್ರ. ಜೂನ್‌ನಲ್ಲಿ ಮತ್ತೆ ಅಂಗಳಕ್ಕೆ ಬರುತ್ತವೆ.